ಕೆಂಪು ತುಕ್ಕು, ಕಪ್ಪು ತುಕ್ಕು: ಆಯುಧಪೂಜೆಯ ಮರೆತುಹೋದ ಅರ್ಧ

ಮಹಾನವಮಿಯ ದಿನ ಮೈಸೂರಿನಲ್ಲಿ ತೊಳೆಯದೆ ಉಳಿಯುವ ವಾಹನವಿಲ್ಲ, ಒರೆಸದೆ ಉಳಿಯುವ ಉಪಕರಣವಿಲ್ಲ. ಬಡಗಿಯ ಉಳಿ, ಕ್ಷೌರಿಕನ ಕತ್ತರಿ, ದರ್ಜಿಯ ಹೊಲಿಗೆ ಯಂತ್ರ, ಮನೆಯ ಈಳಿಗೆಮಣೆ, ಇವೆಲ್ಲಕ್ಕೂ ಅಂದು ಅರಿಸಿನ ಕುಂಕುಮದ ಭಾಗ್ಯ. ಆದರೆ ‘ಆಯುಧಪೂಜೆ’ ಎಂಬ ಸಮಾಸದಲ್ಲಿ ‘ಪೂಜೆ’ ಎಂಬ ಉತ್ತರಪದವನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ. ‘ಆಯುಧ’ ಎಂಬ ಪೂರ್ವಪದವನ್ನು ಬಹುಮಟ್ಟಿಗೆ ಮರೆತಿದ್ದೇವೆ. ಆಯುಧವೆಂದರೆ ಮೂಲತಃ ಕಬ್ಬಿಣ, ಉಕ್ಕು. ಕಬ್ಬಿಣವೆಂದ ಮೇಲೆ ತುಕ್ಕು. ಮಳೆಗಾಲದ ನಾಲ್ಕು ತಿಂಗಳು ಮೂಲೆಯಲ್ಲಿದ್ದ ಆಯುಧವನ್ನು ಹೊರತೆಗೆದು, ಬೆಳಕಿಗೆ ಹಿಡಿದು, ತುಕ್ಕು ತೆಗೆದು, ಎಣ್ಣೆ ಸವರುವ ಕೆಲಸವೇ ಈ ಹಬ್ಬದ ಮೊದಲರ್ಧ. ಗಂಧಾಕ್ಷತೆ ಎರಡನೆಯ ಅರ್ಧ. ಮೊದಲರ್ಧವನ್ನು ಕೈಬಿಟ್ಟು ಎರಡನೆಯದನ್ನಷ್ಟೇ ಮಾಡಿದರೆ ಏನಾಗುತ್ತದೆ ಎಂಬುದನ್ನು, ಕೋವಿಯೊಂದನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಕೋವಿಯೇ ಏಕೆಂದು ಓದುಗರು ಕೇಳಬಹುದು. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್ ದೂರ. ಕೊಡಗಿನ ಅನೇಕ ಕುಟುಂಬಗಳು ನಮ್ಮ ಊರಿನ ಬಡಾವಣೆಗಳಲ್ಲಿ ನೆಲೆಸಿವೆ. ಕೊಡಗಿನವರಲ್ಲದೆ, ಹೆಗ್ಗಡದೇವನಕೋಟೆ, ಹುಣಸೂರು ಮೊದಲಾದ ಕಾಡಂಚಿನ ತಾಲ್ಲೂಕುಗಳಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿದ್ದ ರೈತರ ಮಕ್ಕಳೂ ಇಲ್ಲಿದ್ದಾರೆ. ಇಂತಹ ಮನೆಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆಯ ಕೋವಿ ಬೀರುವಿನೊಳಗೆ ಮೌನವಾಗಿ ಮಲಗಿರುತ್ತದೆ. ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಅಜ್ಜನಿಗೆ ಗೊತ್ತಿತ್ತು, ಮೊಮ್ಮಗನಿಗೆ ಗೊತ್ತಿಲ್ಲ.

ತುಕ್ಕು ಎಂದರೇನು?

ಪ್ರೌಢಶಾಲೆಯಲ್ಲಿ ಓದಿದ ಎಲ್ಲರಿಗೂ ಮೂರು ಪ್ರನಾಳಗಳ ಪ್ರಯೋಗ ನೆನಪಿರಬೇಕು. ಒಂದರಲ್ಲಿ ಸಾಧಾರಣ ನೀರು ಮತ್ತು ಮೊಳೆ. ಇನ್ನೊಂದರಲ್ಲಿ ಕುದಿಸಿ ಗಾಳಿ ತೆಗೆದ ನೀರು, ಮೊಳೆ, ಮೇಲೊಂದು ಪದರ ಎಣ್ಣೆ. ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಒಣಗಾಳಿಯಲ್ಲಿ ಮೊಳೆ. ಕೆಲವು ದಿನಗಳ ಬಳಿಕ ಮೊದಲನೆಯ ಪ್ರನಾಳದ ಮೊಳೆ ಮಾತ್ರ ಕೆಂಪಾಗಿರುತ್ತದೆ. ನೀರು ಮತ್ತು ಆಮ್ಲಜನಕ ಎರಡೂ ಒಟ್ಟಿಗೆ ಇದ್ದಾಗಲೇ ತುಕ್ಕು. ಒಂದನ್ನು ತಪ್ಪಿಸಿದರೂ ಕಬ್ಬಿಣ ಉಳಿಯುತ್ತದೆ. ಈ ಚಿಕ್ಕ ಪಾಠದಲ್ಲಿ ಕೋವಿಯ ರಕ್ಷಣೆಯ ಶಾಸ್ತ್ರವೆಲ್ಲ ಅಡಗಿದೆ. ಎಣ್ಣೆಯ ಪದರವೂ ಅಲ್ಲಿದೆ, ತೇವ ಹೀರುವ ಪುಡಿಯೂ ಅಲ್ಲಿದೆ.

ಪಠ್ಯಪುಸ್ತಕ ಹೇಳದ ಎರಡು ಮಾತುಗಳನ್ನು ಇಲ್ಲಿ ಸೇರಿಸಬೇಕು. ಮೊದಲನೆಯದು, ಕಬ್ಬಿಣ ಒದ್ದೆಯಾಗಲು ನೀರು ಸುರಿಯಬೇಕಾಗಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60ನ್ನು ಮೀರಿದರೆ ಕಣ್ಣಿಗೆ ಕಾಣದ ತೆಳುವಾದ ನೀರಿನ ಪದರ ಲೋಹದ ಮೇಲೆ ಕೂರುತ್ತದೆ, ತುಕ್ಕಿನ ಕೆಲಸ ಚುರುಕಾಗುತ್ತದೆ. ಅಲ್ಲಿ ಉಪ್ಪು ಸೇರಿದರೆ ಇನ್ನೂ ಕಡಿಮೆ ತೇವ ಸಾಕು. ನಮ್ಮ ಬೆವರಿನಲ್ಲಿ ಉಪ್ಪಿದೆ. ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡಿರುವ ನಳಿಗೆಗಳನ್ನು ಕಂಡವರು ಈ ಮಾತನ್ನು ಒಪ್ಪುತ್ತಾರೆ. ಎರಡನೆಯದು, ಕೆಂಪು ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಅದು ಸಡಿಲ, ರಂಧ್ರಮಯ. ಸ್ಪಂಜಿನಂತೆ ತೇವವನ್ನು ಹೀರಿ ಹಿಡಿದುಕೊಂಡು ಕೆಳಗಿನ ಲೋಹವನ್ನು ಮತ್ತಷ್ಟು ತಿನ್ನುತ್ತದೆ. ಆದ್ದರಿಂದಲೇ ಇಂದು ಚುಕ್ಕಿಯಷ್ಟಿರುವ ತುಕ್ಕು ಮುಂದಿನ ವರ್ಷ ಗುಳಿಯಾಗಿರುತ್ತದೆ.

ಉಕ್ಕಿನ ನಾಡಿನಲ್ಲಿ

ಕಬ್ಬಿಣದ ವಿಷಯದಲ್ಲಿ ಕನ್ನಡ ನಾಡು ಪರರಿಂದ ಕಲಿಯುವ ಮೊದಲೇ ಪರರಿಗೆ ಕಲಿಸಿದ್ದ ನಾಡು. ದಕ್ಷಿಣ ಭಾರತದ ಮೂಸೆ ಉಕ್ಕನ್ನು ಐರೋಪ್ಯರು ‘ವೂಟ್ಜ್’ ಎಂದು ಕರೆದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಗೆ ಆ ಹೆಸರಿನಲ್ಲೇ ಪ್ರಬಂಧವನ್ನು ಸಲ್ಲಿಸಿದನು. ಆ ಪದವು ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಟಿಪ್ಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಲು ಹೊರಟ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಬಳಿಯ ಘಟ್ಟಿಪುರದಲ್ಲಿ ಕಬ್ಬಿಣ ಕರಗಿಸುವ, ಉಕ್ಕು ಮಾಡುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನೂ ದಾಖಲಿಸಿದ್ದಾನೆ.

ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಬಂದೂಕುಗಳು ತಯಾರಾದವು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅವುಗಳಲ್ಲಿ ಅನೇಕವು ಸಮುದ್ರ ದಾಟಿದವು. ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ಉಳಿದಿದ್ದ, ಟಿಪ್ಪುವಿನ ಸ್ವಂತ ಶಸ್ತ್ರಾಗಾರದ್ದೆಂದು ಗುರುತಿಸಲಾದ, ಬೆಳ್ಳಿಯ ಅಲಂಕಾರವುಳ್ಳ 20 ಬೋರಿನ ಚಕಮಕಿ ಬಂದೂಕೊಂದು 2019ರ ಮಾರ್ಚಿನಲ್ಲಿ 60,000 ಪೌಂಡುಗಳಿಗೆ ಹರಾಜಾಯಿತು. ಎರಡು ಶತಮಾನ ಮೀರಿದರೂ ಅದು ಬಂದೂಕಾಗಿಯೇ ಉಳಿದಿತ್ತು.

ಇದಕ್ಕೆ ವ್ಯತಿರಿಕ್ತವಾದ ದೃಶ್ಯ ನಮ್ಮ ನೆಲದಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರ ಜುಲೈ ತಿಂಗಳಲ್ಲಿ ಪಾಳುಬಾವಿಯೊಂದರ ಹೂಳು ತೆಗೆದಾಗ ಮೈಸೂರು ರಾಕೆಟ್ಟುಗಳ ಕಬ್ಬಿಣದ ಕೊಳವೆಗಳು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ದೊರೆತವು. ಬ್ರಿಟಿಷ್ ಸೈನ್ಯವನ್ನು ನಡುಗಿಸಿದ ಆ ಕೊಳವೆಗಳು ತುಕ್ಕು ತಿಂದ ಸ್ಥಿತಿಯಲ್ಲಿದ್ದವು. ಹೆಚ್ಚುಕಡಿಮೆ ಒಂದೇ ಕಾಲದ, ಒಂದೇ ರಾಜ್ಯದ ಎರಡು ಬಗೆಯ ಕಬ್ಬಿಣ. ಒಂದಕ್ಕೆ ಮನುಷ್ಯರ ಕೈಯ ಆರೈಕೆ ದೊರೆಯಿತು, ಇನ್ನೊಂದಕ್ಕೆ ಬಾವಿಯ ಕೆಸರು ದೊರೆಯಿತು. ಎಷ್ಟೇ ಒಳ್ಳೆಯ ಕುಲುಮೆಯಲ್ಲಿ ಹುಟ್ಟಿದರೂ ಕಬ್ಬಿಣದ ಆಯುಷ್ಯವನ್ನು ನಿರ್ಧರಿಸುವುದು ಅದನ್ನು ಇಟ್ಟುಕೊಂಡವರ ಕೈ.

ಕೋವಿಯ ಕಪ್ಪು ಬಣ್ಣವೂ ತುಕ್ಕೇ!

ತುಕ್ಕಿನ ಪಾಠ ಮುಗಿದಾಗ ಕೊಡಗಿನಿಂದ ಬಂದಿದ್ದ ಹುಡುಗನೊಬ್ಬ ಒಮ್ಮೆ ಕೇಳಿದ್ದ: “ಸಾರ್, ನಮ್ಮ ಮನೆಯ ಕೋವಿ ಕಬ್ಬಿಣದ್ದೇ ಅಲ್ಲವೇ? ಅದೇಕೆ ಕಪ್ಪಗಿದೆ? ಬಣ್ಣ ಬಳಿದಿದ್ದಾರೆಯೇ?” ಪಠ್ಯಕ್ರಮದಲ್ಲಿ ಇಲ್ಲದ, ಆದರೆ ಪಠ್ಯಕ್ರಮಕ್ಕಿಂತ ಮೇಲಾದ ಪ್ರಶ್ನೆ ಅದು.

ಕೋವಿಯ ನಳಿಗೆಗೆ ಬಣ್ಣ ಬಳಿದಿರುವುದಿಲ್ಲ. ಅದಕ್ಕೆ ಬೇಕೆಂದೇ ತುಕ್ಕು ಹಿಡಿಸಿರುತ್ತಾರೆ. ಹಳೆಯ ಕಾಲದ ಬಂದೂಕು ತಯಾರಕರು ನಳಿಗೆಯ ಜಿಡ್ಡನ್ನೆಲ್ಲ ತೆಗೆದು, ಆಮ್ಲ ಮತ್ತು ಲವಣಗಳ ದ್ರಾವಣವನ್ನು ತೆಳುವಾಗಿ ಸವರಿ, ತೇವದ ಪೆಟ್ಟಿಗೆಯಲ್ಲಿ ತೂಗುಹಾಕುತ್ತಿದ್ದರು. ಮೇಲ್ಮೈಯ ತುಂಬ ಸಮನಾದ ನವಿರು ತುಕ್ಕು ಮೂಡುತ್ತಿತ್ತು. ಸಡಿಲವಾದುದನ್ನು ಉಜ್ಜಿ ತೆಗೆದು ಮತ್ತೆ ಸವರುವುದು, ಮತ್ತೆ ಉಜ್ಜುವುದು, ಹೀಗೆ ಹಲವು ಆವೃತ್ತಿಗಳಾದ ಮೇಲೆ ಗಟ್ಟಿಯಾದ ಕಂದುಬಣ್ಣದ ಪದರ ನಿಲ್ಲುತ್ತಿತ್ತು. ಇದು ‘ಬ್ರೌನಿಂಗ್’. ಪ್ರತಿ ಆವೃತ್ತಿಯಲ್ಲೂ ನಳಿಗೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ಆಕ್ಸೈಡು ಕಪ್ಪು ಆಕ್ಸೈಡಾಗಿ, ಅಂದರೆ ಮ್ಯಾಗ್ನಟೈಟ್ ಆಗಿ ಮಾರ್ಪಡುತ್ತದೆ. ಇದು ‘ಬ್ಲೂಯಿಂಗ್’, ನೀಲಿಯ ಛಾಯೆಯುಳ್ಳ ಕಪ್ಪು. ಇಪ್ಪತ್ತನೆಯ ಶತಮಾನದ ಕಾರ್ಖಾನೆಗಳು ಇದೇ ಫಲವನ್ನು ಕಾಸ್ಟಿಕ್ ಸೋಡ ಮತ್ತು ನೈಟ್ರೇಟ್ ಲವಣಗಳ ಬಿಸಿ ದ್ರಾವಣದಲ್ಲಿ ಕೆಲವೇ ನಿಮಿಷಗಳಲ್ಲಿ ಪಡೆಯತೊಡಗಿದವು.

ಕೆಂಪು ತುಕ್ಕು ಸಡಿಲ. ಕಪ್ಪು ತುಕ್ಕು ಲೋಹಕ್ಕೆ ಅಂಟಿಕೊಳ್ಳುವಂಥದು, ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವಂಥದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಆದರೆ ಈ ಪದರದ ದಪ್ಪ ಒಂದೆರಡು ಮೈಕ್ರೋಮೀಟರ್ ಮಾತ್ರ. ತಲೆಗೂದಲಿನ ದಪ್ಪದ ಹತ್ತಾರು ಪಾಲಿನಲ್ಲಿ ಒಂದು ಪಾಲು. ಎಣ್ಣೆಯಿಲ್ಲದಿದ್ದರೆ ಈ ಪದರ ತಾನೊಂದೇ ತೇವವನ್ನು ತಡೆಯಲಾರದು. ಕೆಂಪು ತುಕ್ಕನ್ನು ತೆಗೆಯುವ ಭರದಲ್ಲಿ ಕಪ್ಪು ತುಕ್ಕನ್ನೂ ಉಜ್ಜಿಬಿಟ್ಟರೆ ಕೋವಿ ಬೆತ್ತಲಾಗುತ್ತದೆ. ತುಕ್ಕು ತೆಗೆಯುವ ವಿದ್ಯೆಯ ಮರ್ಮವೆಲ್ಲ ಒಂದನ್ನು ತೆಗೆದು ಇನ್ನೊಂದನ್ನು ಉಳಿಸುವುದರಲ್ಲಿದೆ.

ಬಿಸಿನೀರಿನ ರಹಸ್ಯ

ಹಳೆಯ ಕೇಪಿನ ಕೋವಿಯನ್ನು ಬಳಸುತ್ತಿದ್ದವರು ಈಡು ಹೊಡೆದು ಬಂದ ಮೇಲೆ ನಳಿಗೆಗೆ ಬಿಸಿನೀರು ಹೊಯ್ದು ತೊಳೆಯುತ್ತಿದ್ದರು ಎಂದರೆ ಇಂದಿನ ಹುಡುಗರಿಗೆ ಆಶ್ಚರ್ಯ. ಕಬ್ಬಿಣಕ್ಕೆ ನೀರು ಶತ್ರುವೆಂದು ಈಗ ತಾನೆ ಹೇಳಿದಿರಲ್ಲ ಎಂದು ಕೇಳಿಯಾರು. ಇದಕ್ಕೆ ಕಾರಣವಿದೆ. ಗಂಧಕ, ಇದ್ದಿಲು, ಪೆಟ್ಲುಪ್ಪುಗಳ ಕರಿಮದ್ದು ಉರಿದಾಗ ಅರ್ಧಕ್ಕೂ ಹೆಚ್ಚು ಪಾಲು ಹೊಗೆ ಮತ್ತು ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟದಲ್ಲಿ ಪೊಟ್ಯಾಸಿಯಂ ಲವಣಗಳಿರುತ್ತವೆ. ಅವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಹಳೆಯ ಕೇಪುಗಳಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟು ಸಿಡಿದ ಬಳಿಕ ಪೊಟ್ಯಾಸಿಯಂ ಕ್ಲೋರೈಡಾಗಿ ನಳಿಗೆಯೊಳಗೆ ಕೂರುತ್ತಿತ್ತು. ಅದು ಅಡುಗೆ ಉಪ್ಪಿನ ಸೋದರನೇ. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಕಿಟ್ಟದ ಮೇಲೆ ಎಣ್ಣೆ ಸವರಿದರೆ ಉಪ್ಪನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಬಿಸಿನೀರು ಉಪ್ಪನ್ನು ಒಯ್ಯುತ್ತದೆ, ನಳಿಗೆಯನ್ನೂ ಕಾಯಿಸಿ ತಾನೇ ಬೇಗ ಆರಿಹೋಗುತ್ತದೆ. ಅನಂತರ ಗಜಕ್ಕೆ ಒಣಬಟ್ಟೆ ಸುತ್ತಿ ಒರೆಸಿ, ಕೊನೆಗೆ ಎಣ್ಣೆ. ರಸಾಯನಶಾಸ್ತ್ರವನ್ನು ಓದದ ಹಳ್ಳಿಯ ಹಿರಿಯರು ಅನುಭವದಿಂದ ಕಂಡುಕೊಂಡಿದ್ದ ಈ ಕ್ರಮ ಅಕ್ಷರಕ್ಷರವೂ ವೈಜ್ಞಾನಿಕ.

ಕೈಲ್‌ಪೊಳ್ದ್: ಪಂಚಾಂಗದೊಳಗಿನ ಪಾಲನೆ

ಈ ಅನುಭವ ವ್ಯಕ್ತಿಯೊಬ್ಬನ ಕೈಚಳಕವಾಗಿ ಉಳಿಯದೆ ಒಂದು ಜನಾಂಗದ ಪಂಚಾಂಗವನ್ನೇ ಸೇರಿಕೊಂಡಿರುವುದನ್ನು ಕೊಡಗಿನಲ್ಲಿ ನೋಡಬೇಕು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಮಡಿಕೇರಿಯಲ್ಲಿ 3,000 ಮಿಲಿಮೀಟರನ್ನು ಮೀರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಬಟ್ಟೆ ಒಣಗದು, ಗೋಡೆ ಬೆವರುತ್ತದೆ. ಕಬ್ಬಿಣಕ್ಕೆ ಇದಕ್ಕಿಂತ ಕೆಟ್ಟ ಕಾಲ ಬೇರೊಂದಿಲ್ಲ. ಗದ್ದೆಯ ನಾಟಿ ನಡೆಯುವ ಆ ದಿನಗಳಲ್ಲಿ ಬೇಟೆಗೆ ಬಿಡುವು ಕೊಟ್ಟು ಕೋವಿಯನ್ನು ಐನ್‌ಮನೆಯ ಕನ್ನಿಕೊಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇಡುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ನಾಟಿ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು, ಕೈಲ್‌ಪೊಳ್ದ್ ಹಬ್ಬ. ಕೈಲ್ ಎಂದರೆ ಆಯುಧ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಹೊರತೆಗೆದು, ಶುಚಿಮಾಡಿ, ಸಾಲಾಗಿಟ್ಟು, ಗಂಧವಿಟ್ಟು, ‘ತೋಕ್ ಪೂ’ ಎಂಬ ಹೂವಿನಿಂದ ಅಲಂಕರಿಸುತ್ತಾರೆ. ತೋಕ್ ಎಂದರೆ ಕೋವಿ. ಹೂವು ನಮ್ಮ ಅಗ್ನಿಶಿಖೆ. ಮುಂದೆ ನವೆಂಬರ್–ಡಿಸೆಂಬರಿನಲ್ಲಿ ಬರುವ ಪುತ್ತರಿಯಲ್ಲಿ ಹೊಸ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಎಂಬ ಸಂಪ್ರದಾಯವೂ ಉಂಟು. ಹುಟ್ಟು ಸಾವುಗಳು ಹೇಳಿ ಬರುವುದಿಲ್ಲ. ಆದ್ದರಿಂದ ಕೋವಿ ಸದಾ ಸುಸ್ಥಿತಿಯಲ್ಲಿರಬೇಕು.

ಭೋರ್ಗರೆವ ಮಳೆ ಹಿಂದೆ ಸರಿಯುವ ಹೊತ್ತಿಗೇ ಈ ಹಬ್ಬ ಬರುತ್ತದೆ ಎಂಬುದನ್ನು ಗಮನಿಸಿ. ಹಬ್ಬ ಹುಟ್ಟಿದ್ದು ತುಕ್ಕಿಗಾಗಿ ಎಂದು ನಾನು ವಾದಿಸುತ್ತಿಲ್ಲ. ಆದರೆ ಹಬ್ಬದ ನೆಪದಲ್ಲಿ ಪ್ರತಿ ಮನೆಯ ಪ್ರತಿ ಆಯುಧವೂ ಅತಿ ಅಪಾಯದ ಕಾಲ ಮುಗಿಯುತ್ತಿದ್ದಂತೆ ಒಮ್ಮೆ ಪರೀಕ್ಷೆಗೆ ಒಳಗಾಗುತ್ತಿತ್ತು ಎಂಬುದು ನಿಶ್ಚಯ.

ಕೊಡಗಿನವರ ಕೋವಿಗೆ ಕಾನೂನಿನಲ್ಲೂ ವಿಶೇಷ ಸ್ಥಾನವಿದೆ. 1857ರ ದಂಗೆಯ ಅನಂತರ ಇಂಗ್ಲಿಷರು ದೇಶವನ್ನೆಲ್ಲ ನಿರಾಯುಧಗೊಳಿಸಲು ಹೊರಟಾಗ 1861ರಲ್ಲಿ ಕೊಡಗಿನವರಿಗೆ ಅದರಿಂದ ವಿನಾಯಿತಿ ದೊರೆಯಿತು. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಕಾನೂನು ಕಾಪಾಡಿಕೊಟ್ಟ ಹಕ್ಕನ್ನು ತುಕ್ಕು ಕಸಿದುಕೊಳ್ಳದಂತೆ ನೋಡಿಕೊಳ್ಳಬೇಕಾದವರು ಮಾತ್ರ ಮನೆಯವರೇ.

ಅರಮನೆಯ ಆಯುಧಗಳು

ನಮ್ಮ ಮೈಸೂರಿನ ರೂಢಿಯೂ ಇದೇ ಜಾಡಿನಲ್ಲಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿ ಉತ್ಸವವನ್ನು ಆರಂಭಿಸಿದರೆಂಬುದು ಪ್ರಸಿದ್ಧ. ಮಳೆ ನಿಂತು, ದಾರಿ ಒಣಗಿ, ಹೊಳೆ ಇಳಿದ ಮೇಲೆ ವಿಜಯದಶಮಿಯಂದು ದಂಡಯಾತ್ರೆಗೆ ಹೊರಡುವುದು ಹಿಂದಿನ ರಾಜರ ಪದ್ಧತಿ. ಅದರ ಹಿಂದಿನ ದಿನ ಆಯುಧಗಳ ಪೂಜೆ. ತುಕ್ಕು ಹಿಡಿದ ಕತ್ತಿಯನ್ನು ಹಿಡಿದು ಯಾರೂ ಯುದ್ಧಕ್ಕೆ ಹೊರಡರು. ಇಂದಿಗೂ ನವಮಿಯ ಮುಂಜಾನೆ ರಾಜಮನೆತನದ ಖಾಸಾ ಆಯುಧಗಳನ್ನು ಕೋಟೆಯೊಳಗಿನ ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಒಯ್ದು, ಅಲ್ಲಿ ಶುಚಿಗೊಳಿಸಿ, ಪೂಜಿಸಿ ಅರಮನೆಗೆ ಹಿಂದಕ್ಕೆ ತರುತ್ತಾರೆ. ಅನಂತರವೇ ಕಲ್ಯಾಣಮಂಟಪದಲ್ಲಿ ಆಯುಧಪೂಜೆ. ಮೊದಲು ಶುಚಿ, ಆಮೇಲೆ ಪೂಜೆ ಎಂಬ ಕ್ರಮವನ್ನು ಗಮನಿಸಬೇಕು. ದಸರೆಯ ಕುಶಾಲತೋಪುಗಳಿಗೂ ಹಾಗೆಯೇ. ಜಂಬೂಸವಾರಿಯ ದಿನ 21 ತೋಪು ಹಾರಿಸುವ ಮೊದಲು ಪೊಲೀಸರು ದಿನಗಟ್ಟಲೆ ತಾಲೀಮು ಮಾಡಿ, ಫಿರಂಗಿಗಳನ್ನು ಒಳಗೂ ಹೊರಗೂ ಒರೆಸಿ ಸಿದ್ಧಪಡಿಸಿಕೊಳ್ಳುತ್ತಾರೆ.

ಕೆಲಸವಿಲ್ಲದ ಕೋವಿ

ಹಾಗಾದರೆ ಇಂದಿನ ತೊಡಕೇನು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬೇಟೆ ನಿಂತಿತು, ನಿಲ್ಲಬೇಕಾಗಿದ್ದುದೇ ಸರಿ. ಆದರೆ ಬೇಟೆಯೊಂದಿಗೆ, ಪ್ರತಿ ಬಾರಿ ಮನೆಗೆ ಮರಳಿದಾಗ ಕೋವಿಯನ್ನು ಬಿಚ್ಚಿ ಒರೆಸುತ್ತಿದ್ದ ಅಭ್ಯಾಸವೂ ನಿಂತುಹೋಯಿತು. ಈಗಿನ ಕೋವಿ ಉಪಯೋಗದಿಂದ ಸವೆಯುವುದಿಲ್ಲ, ನಿರುಪಯೋಗದಿಂದ ಸವೆಯುತ್ತದೆ. ಚುನಾವಣೆ ಬಂತೆಂದರೆ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾದ ಸಂದರ್ಭವೂ ಬರುತ್ತದೆ. ವಾರಗಟ್ಟಲೆ ಒಂದರ ಮೇಲೊಂದು ಒರಗಿ ನಿಂತ ಕೋವಿಗಳನ್ನು ನಿತ್ಯ ಒರೆಸುವಷ್ಟು ಬಿಡುವು ಅಲ್ಲಿ ಯಾರಿಗಿದೆ? ಠೇವಣಿಗೆ ಒಯ್ಯುವ ಮುನ್ನ ಧಾರಾಳವಾಗಿ ಎಣ್ಣೆ ಸವರುವುದು, ಹಿಂದಕ್ಕೆ ತಂದ ದಿನವೇ ಒರೆಸುವುದು ಮಾಲೀಕನ ಕೆಲಸ.

ಪರಿಚಿತರೊಬ್ಬರ ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ತಂದೆ ತೀರಿಕೊಂಡ ವರ್ಷ, ಮಗ ಶ್ರದ್ಧೆಯಿಂದಲೇ ಹಬ್ಬಕ್ಕೆಂದು ಕೋವಿಯನ್ನು ಹೊರತೆಗೆದ. ನಳಿಗೆಯ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ. ಹಿತ್ತಾಳೆ ದೀಪವನ್ನು ಬೆಳಗುವಂತೆ ಹುಣಸೆಹಣ್ಣು ಹಚ್ಚಿ ಉಜ್ಜಿದ. ಚುಕ್ಕೆ ಹೋಯಿತು, ಕಪ್ಪು ಬಣ್ಣವೂ ಹೋಯಿತು. ಕೋವಿ ಬೆಳ್ಳಿಯಂತೆ ಹೊಳೆಯಿತು. ಮನೆಯವರೆಲ್ಲ ಮೆಚ್ಚಿದರು. ಅರಿಸಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಹಾಗೆಯೇ ಚೀಲದೊಳಗೆ ಸೇರಿಸಿದರು. ಮುಂದಿನ ಹಬ್ಬಕ್ಕೆ ತೆಗೆದಾಗ ನಳಿಗೆ ಉದ್ದಕ್ಕೂ ಕೆಂಪಾಗಿತ್ತು. ಕುಂಕುಮವಿಟ್ಟ ಜಾಗದಲ್ಲಿ ಗುಳಿ ಬಿದ್ದಿತ್ತು. ತಾತನಿಂದ ಬಂದ ವಸ್ತು ಭಕ್ತಿಯಿಂದಲೇ ಕೆಟ್ಟಿತು. ಹುಣಸೆ, ನಿಂಬೆ, ವಿನಿಗರ್ ಇವೆಲ್ಲ ಆಮ್ಲಗಳು; ಆಮ್ಲಕ್ಕೆ ಕೆಂಪು ಆಕ್ಸೈಡು ಕಪ್ಪು ಆಕ್ಸೈಡು ಎಂಬ ಭೇದವಿಲ್ಲ.

ತೆಗೆಯುವ ಕ್ರಮ

ಮೊದಲ ನಿಯಮ: ಕೋವಿಯಲ್ಲಿ ತೋಟೆ ಇಲ್ಲವೆಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಹಳೆಯ ಕೇಪಿನ ಕೋವಿಯಾದರೆ ಗಜವನ್ನು ಒಳಗಿಳಿಸಿ, ಅದು ನಳಿಗೆಯ ತಳದವರೆಗೆ ಹೋಗುತ್ತದೆಯೇ ಎಂದು ಅಳೆಯಬೇಕು. ಎಂದೋ ತುಂಬಿಟ್ಟ ಮದ್ದು ಒಳಗೇ ಉಳಿದಿರಬಹುದು. ಸಂಶಯ ಬಂದರೆ ಮುಂದುವರಿಯದೆ ಪರವಾನಗಿಯುಳ್ಳ ಕೋವಿ ದುರಸ್ತಿಗಾರರಲ್ಲಿಗೆ ಒಯ್ಯಬೇಕು.

ಅನಂತರ ನಳಿಗೆಯನ್ನು ಮರದ ಹಿಡಿಯಿಂದ ಬೇರ್ಪಡಿಸಿ, ಒಣ ಹತ್ತಿಬಟ್ಟೆಯಿಂದ ಒರೆಸಬೇಕು. ತುಕ್ಕಿನ ಮೇಲೆ ತೆಳುವಾದ ಖನಿಜ ತೈಲವನ್ನು ಸವರಬೇಕು. ಬಂದೂಕಿನ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯೂ ಆದೀತು. ಅವಸರ ಬೇಡ, ಒಂದು ರಾತ್ರಿ ಹಾಗೆಯೇ ಬಿಡಬೇಕು. ಎಣ್ಣೆ ತುಕ್ಕಿನ ರಂಧ್ರಗಳೊಳಗೆ ಇಳಿದು ಅದನ್ನು ಸಡಿಲಿಸುತ್ತದೆ. ಬೆಳಗ್ಗೆ ಒರಟು ಬಟ್ಟೆಯಿಂದ ಉಜ್ಜಿದರೆ ಹೊಸ ತುಕ್ಕಿನ ಬಹುಪಾಲು ಬಟ್ಟೆಗೆ ಬರುತ್ತದೆ. ಉಳಿದುದಕ್ಕೆ ಹಿತ್ತಾಳೆಯ ಅಥವಾ ಕಂಚಿನ ಮೆತ್ತನೆಯ ಬ್ರಷ್. ಇಲ್ಲವೇ ‘0000’ ಎಂಬ ಗುರುತಿನ ಅತಿ ನವಿರಾದ ಉಕ್ಕಿನ ನಾರು, ಅದೂ ಎಣ್ಣೆಯಲ್ಲಿ ನೆನೆಸಿ, ಬೆರಳ ತುದಿಯ ಭಾರದಲ್ಲಿ ಮಾತ್ರ. ಮೊದಲು ಹೊರಗೆ ಕಾಣದ ಮೂಲೆಯಲ್ಲಿ ಪರೀಕ್ಷಿಸಿ ನೋಡಬೇಕು. ತಾಮ್ರ, ಹಿತ್ತಾಳೆ, ಕಂಚುಗಳು ಉಕ್ಕಿಗಿಂತ ಮೆದು. ಅವು ತುಕ್ಕನ್ನು ಕೆರೆಯುತ್ತವೆ, ಉಕ್ಕನ್ನು ಗೀರುವುದಿಲ್ಲ. ಪಾತ್ರೆ ಉಜ್ಜುವ ಉಕ್ಕಿನ ನಾರು, ಉಪ್ಪುಕಾಗದ, ಇಟ್ಟಿಗೆಪುಡಿ, ಬೂದಿ ಇವು ನಿಷಿದ್ಧ.

ಬಟ್ಟೆಗೆ ಕೆಂಪು ಬರುವುದು ನಿಂತೊಡನೆ ಕೈಯನ್ನೂ ನಿಲ್ಲಿಸಬೇಕು. ಕಪ್ಪಾದ ಕಲೆಯೊಂದು ಉಳಿದರೆ ಉಳಿಯಲಿ, ಅದು ಕೆಡುಕಲ್ಲ. ಕೊಳೆ ಎಣ್ಣೆಯನ್ನು ಪೂರ್ತಿ ಒರೆಸಿ, ಹೊಸ ಎಣ್ಣೆಯ ತೆಳುಪದರವನ್ನು ಸವರಿದರೆ ಕೆಲಸ ಮುಗಿಯಿತು.

ಕೆಲವು ಕೋವಿಗಳಿಗೆ ಇಷ್ಟನ್ನೂ ಮಾಡಬಾರದು. ಮಹಾರಾಜರ ಕಾಲದ ಅಥವಾ ಅದಕ್ಕೂ ಹಿಂದಿನ ಕೋವಿಯಾದರೆ ಅದರ ಹಳೆಯ ಮೈಬಣ್ಣವೇ ಅದರ ಚರಿತ್ರೆ. ಉಜ್ಜಿ ಹೊಳೆಸಿದರೆ ಕೆತ್ತನೆಯ ಅಂಚು, ತಯಾರಕನ ಮುದ್ರೆ, ಬೆಲೆ ಮೂರೂ ಸವೆಯುತ್ತವೆ. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಗಳ ಬೆಸುಗೆಯ ಸಂದಿಯಲ್ಲಿ ತುಕ್ಕು ಅಡಗಿರಬಹುದು. ಹೊರಗೆ ಚೆಂದ ಕಂಡರೂ ಅವುಗಳಲ್ಲಿ ಇಂದಿನ ತೋಟೆ ಹಾರಿಸುವುದು ಪ್ರಾಣಾಪಾಯ. ನಳಿಗೆಯ ಒಳಗೆ ಗುಳಿ ಕಂಡರೆ, ಪರಿಣತರು ನೋಡಿ ಹೇಳುವವರೆಗೆ ಗುಂಡು ಹಾರಿಸಕೂಡದು. ಮತ್ತೆ ಕಪ್ಪು ಹಿಡಿಸುವಾಗಲೂ ಎಚ್ಚರ ಬೇಕು. ಹಳೆಯ ಜೋಡುನಳಿಗೆಗಳನ್ನು ಸೀಸ–ತವರದ ಬೆಸುಗೆಯಿಂದ ಜೋಡಿಸಿರುತ್ತಾರೆ. ಕಾಸ್ಟಿಕ್ ಸೋಡದ ಬಿಸಿ ದ್ರಾವಣ ಆ ಬೆಸುಗೆಯನ್ನೇ ತಿನ್ನುತ್ತದೆ. ಅಂಥವಕ್ಕೆ ಹಳೆಯ ನಿಧಾನ ಕ್ರಮವೇ ಗತಿ.

ತಡೆಯುವ ಕ್ರಮ

ಮುಟ್ಟಿದಾಗಲೆಲ್ಲ ಒರೆಸುವುದೇ ಮೊದಲ ಮದ್ದು. ಎಣ್ಣೆಯ ಪದರ ತೆಳುವಾಗಿರಲಿ. ಹೆಚ್ಚಾದರೆ ಧೂಳು ಹಿಡಿಯುತ್ತದೆ, ಮರಕ್ಕೆ ಇಳಿದು ಅದನ್ನು ಮೆದುಗೊಳಿಸುತ್ತದೆ. ಕೊಬ್ಬರಿ ಎಣ್ಣೆ ಮೊದಲಾದ ಅಡುಗೆಯ ಎಣ್ಣೆಗಳು ಕಾಲಕ್ರಮದಲ್ಲಿ ಕಮಟಾಗಿ ಆಮ್ಲವನ್ನು ಬಿಡುತ್ತವೆ, ಅಂಟಾಗುತ್ತವೆ, ಅವು ಬೇಡ. ಡಬ್ಲ್ಯೂಡಿ-40ರಂಥ ತುಂತುರು ದ್ರವಗಳು ತೇವವನ್ನು ಹೊರದೂಡಲು ಒಳ್ಳೆಯವು. ಆದರೆ ತಿಂಗಳುಗಟ್ಟಲೆ ಕಾಯುವ ಶಕ್ತಿ ಅವುಗಳ ಪದರಕ್ಕಿಲ್ಲ, ಅದರ ಮೇಲೆ ಎಣ್ಣೆ ಬೇಕು. ದೀರ್ಘಕಾಲ ಇಡುವುದಾದರೆ ವಸ್ತುಸಂಗ್ರಹಾಲಯಗಳಲ್ಲಿ ಬಳಸುವಂಥ ಮೇಣದ ತೆಳುಪದರ ಉತ್ತಮ.

ಚರ್ಮದ ಚೀಲವಾಗಲಿ, ಬಟ್ಟೆಯ ಚೀಲವಾಗಲಿ ಪ್ರಯಾಣಕ್ಕೆ ಮಾತ್ರ. ಅವು ತೇವವನ್ನು ಹಿಡಿದಿಡುತ್ತವೆ, ಹದಮಾಡಿದ ಚರ್ಮದಲ್ಲಿ ಲವಣಗಳೂ ಇರುತ್ತವೆ. ಹೊರಗೋಡೆಗೆ ತಾಗದಂತೆ, ಗಾಳಿಯಾಡುವ, ಬೀಗವುಳ್ಳ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು. ಆ ಪೊಟ್ಟಣಗಳನ್ನು ಆಗಾಗ ಕಾಯಿಸಿ ಒಣಗಿಸದಿದ್ದರೆ ಅವೂ ನಿರುಪಯುಕ್ತ. ಮೂರನೆಯ ಪ್ರನಾಳದ ಪಾಠ ಇದೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ, ಉಳಿದ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಹೊರತೆಗೆದು ನೋಡಿದರೆ ಸಾಕು. ಕಾಲು ಗಂಟೆಯ ಕೆಲಸ.

ಇನ್ನು ಪೂಜೆಯ ಮಾತು. ಪೂಜೆ ಬೇಡವೆಂದು ಹೇಳುವವನು ನಾನಲ್ಲ. ಆದರೆ ತೇಯ್ದ ಗಂಧ, ಕಲಸಿದ ಅರಿಸಿನ, ನಳಿಗೆಯ ಬಾಯಿಗೆ ಸಿಕ್ಕಿಸಿದ ಹೂವು ಎಲ್ಲದರಲ್ಲೂ ನೀರಿದೆ. ಗಂಧವನ್ನು ಉಕ್ಕಿನ ಮೇಲಿಡದೆ ಮರದ ಹಿಡಿಯ ಮೇಲಿಟ್ಟರೆ ದೇವರು ಮುನಿಯಲಾರ. ನವಮಿಯಂದು ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟದೆ ದಶಮಿಯಂದು ಎತ್ತಿಕೊಳ್ಳುವುದು ನಮ್ಮ ರೂಢಿ. ಎತ್ತಿಕೊಂಡೊಡನೆ ಹೂವನ್ನು ತೆಗೆದು, ಕುಂಕುಮವನ್ನು ಒರೆಸಿ, ಎಣ್ಣೆ ಸವರುವುದನ್ನೂ ಆ ರೂಢಿಗೆ ಸೇರಿಸಿಕೊಳ್ಳಬೇಕು.

ನಾಳೆ ಕೋವಿಯನ್ನು ಪಡೆಯುವ ಮಕ್ಕಳು ಪರವಾನಗಿಯ ಕಾಗದವನ್ನು ಕೇಳಿ ಪಡೆಯುತ್ತಾರೆ. ಒರೆಸುವ ವಿದ್ಯೆಯನ್ನು ಕೇಳುವುದಿಲ್ಲ. ಅದನ್ನು ನಾವಾಗಿಯೇ ಕಲಿಸಬೇಕು. ಮುಂದಿನ ಹಬ್ಬಕ್ಕೆ ಆಯುಧವನ್ನು ಹೊರತೆಗೆಯುವಾಗ ಪೂಜೆಯ ತಟ್ಟೆಯ ಪಕ್ಕದಲ್ಲಿ ಹಳೆಯ ಹತ್ತಿಬಟ್ಟೆಯ ತುಂಡು, ಎಣ್ಣೆಯ ಸೀಸೆ ಎರಡನ್ನೂ ಇಡಿ. ಬಟ್ಟೆಯನ್ನು ಮೊಮ್ಮಗನ ಅಥವಾ ಮೊಮ್ಮಗಳ ಕೈಗೆ ಕೊಡಿ.